ಲೇತಿನ ಮೋಟಾರಿನ ಚಿಂತೆ

ಚಿಂತೆ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಯಲಹಂಕದಲ್ಲಿ ಇರಲಾರರು. ಗ್ಯಾಸ್ ಆರಿಸಿದ್ದೆನೋ ಇಲ್ಲವೋ ಎಂದು ಹೆಬ್ಬಾಳದ ಫ್ಲೈಓವರ್ ತನಕ ಹೋಗಿ ವಾಪಸು ಬಂದವನು ನಾನು; ಬಂದು ನೋಡಿದರೆ ಆವತ್ತು ಗ್ಯಾಸ್ ಹಚ್ಚಿಯೇ ಇರಲಿಲ್ಲ. ಇದನ್ನೆಲ್ಲ ಕೇಳಿದ ಡಾಕ್ಟರು ಬಿ.ಪಿ. ಮಾತ್ರೆಯ ಜೊತೆಗೆ ಏನಾದರೂ ಹವ್ಯಾಸ ಇಟ್ಟುಕೊಳ್ಳಿ ಎಂದರು. ಹಾಗಾಗಿ ಮನೆಗೆ ಮರ ಕಡೆಯುವ ಪುಟ್ಟ ಲೇತು ಬಂತು. ಕಾರಿಲ್ಲದ ನಮ್ಮ ಗ್ಯಾರೇಜಿನಲ್ಲಿ, ಅಡುಗೆಮನೆಯ ಗೋಡೆಯ ಆಚೆ ಬದಿಗೆ ಕೂತಿತು. ಭಾನುವಾರ ನಾನು ಬುಗುರಿ, ಲಟ್ಟಣಿಗೆ, ಯಾರಿಗೂ ಬೇಡದ ಬಟ್ಟಲು ಕಡೆಯುತ್ತೇನೆ. ಮರದ ಸಿಪ್ಪೆ ಸುರುಳಿಯಾಗಿ ಬೀಳುವಷ್ಟು ಹೊತ್ತು ನನಗೆ ಚಿಂತೆ ಇರುವುದಿಲ್ಲ. ವಾರದಲ್ಲಿ ನನಗೆ ನೆಮ್ಮದಿ ಅಂತ ಇರುವುದು ಅಷ್ಟೇ.

ಹೋದ ಬೇಸಿಗೆಯಲ್ಲಿ ಒಮ್ಮೆ ಮಾತ್ರ ತಲೆಸುತ್ತು ಬಂದು, ಲೇತು ಆರಿಸಿ ಅಲ್ಲೇ ಕುಸಿದು ಕೂತಿದ್ದೆ. ಕೂಗಲೂ ಆಗಿರಲಿಲ್ಲ. ಹೆಂಡತಿ ಸರೋಜ ಅದು ಹೇಗೋ ನೀರು ಹಿಡಿದು ಓಡಿ ಬಂದಿದ್ದಳು.

ಭಾನುವಾರದ ಆ ನೆಮ್ಮದಿಯನ್ನು ಈ ಸಲದ ಆಯುಧ ಪೂಜೆಯಲ್ಲಿ ನಾನೇ ಕೆಡಿಸಿಕೊಂಡೆ. ಸ್ಕೂಟರಿಗೆ ಮಾಡಿದ್ದನ್ನು ಲೇತಿಗೆ ಮಾಡದಿದ್ದರೆ ಅದು ಬೇಜಾರು ಮಾಡಿಕೊಂಡೀತೆಂದು ಅರಿಶಿನ ಕುಂಕುಮ ಧಾರಾಳವಾಗಿ ಹಚ್ಚಿ, ಬಟ್ಟಲಲ್ಲಿ ಉಳಿದದ್ದನ್ನು ಮೋಟಾರಿನ ಗಾಳಿಕಿಂಡಿಯ ಮೇಲೇ ಸುರಿದೆ. ಮರುದಿನ ಸ್ವಿಚ್ ಹಾಕಿದರೆ ಮೋಟಾರು ಕಿಡಿ ಕಾರಿ, ಕುಂಕುಮವನ್ನೆಲ್ಲ ನನ್ನ ಮುಖಕ್ಕೇ ಊದಿ, ಸುಟ್ಟ ವಾಸನೆ ಬಿಟ್ಟು ಮಲಗಿತು. ಅತಿಯಾದರೆ ಅಮೃತವೂ ವಿಷ ಎಂದ ಹಿರಿಯರು ಮೋಟಾರನ್ನೂ ನೋಡಿದ್ದರೋ ಏನೋ.

ಯಶವಂತಪುರದ ಅಂಗಡಿಯವರು ಎರಡು ಮೋಟಾರು ಮುಂದಿಟ್ಟರು. ಒಂದಕ್ಕೆ, ಸುಟ್ಟುಹೋದ ನನ್ನ ಮೋಟಾರಿನ ಹಾಗೆ, ಬ್ರಷ್ ಇದೆ; ಇನ್ನೊಂದಕ್ಕೆ ಇಲ್ಲ. ಬ್ರಷ್ ಎಂದರೆ ತಿರುಗುವ ತಾಮ್ರಕ್ಕೆ ಒತ್ತಿಕೊಂಡು ಕರೆಂಟು ದಾಟಿಸುವ ಎರಡು ಇಂಗಾಲದ ತುಂಡು. ಉಜ್ಜಿ ಉಜ್ಜಿ ಸವೆಯುತ್ತವೆ, ಊರಿಗೆಲ್ಲ ಕೇಳುವಂತೆ ಗುರುಗುಟ್ಟುತ್ತವೆ; ಸವೆದರೆ ಬೇರೆ ಹಾಕಬಹುದು. ಬ್ರಷ್‌ಲೆಸ್‌ನಲ್ಲಿ ಉಜ್ಜುವುದೇನೂ ಇಲ್ಲ, ಒಂದು ಸರ್ಕ್ಯೂಟ್ ಬೋರ್ಡು ಎಲ್ಲವನ್ನೂ ನಡೆಸುತ್ತದೆ. "ಸುಮ್ನೆ ಬ್ರಷ್‌ಲೆಸ್ ತಗೊಳ್ಳಿ ಸಾರ್, ತಲೆನೋವೇ ಇಲ್ಲ," ಎಂದರು. ಬೋರ್ಡು ಹೋದರೆ ಎಂದೆ. ಹೋಗಲ್ಲ ಎಂದರು. ಹೋಗಲ್ಲ ಅಂದದ್ದೆಲ್ಲ ಹೋದದ್ದನ್ನು ಕಂಡಿರುವ ನಾನು ಯೋಚಿಸಿ ಬರುತ್ತೇನೆಂದು ಬರಿಗೈಯಲ್ಲಿ ಮನೆಗೆ ಬಂದೆ.

ಯೋಚಿಸಿದಷ್ಟೂ ಇದು ಸಗುಣ ನಿರ್ಗುಣದ ಹಳೇ ಜಗಳವೇ ಎನಿಸಿತು. ಬ್ರಷ್ ಮೋಟಾರು ಸಗುಣ: ಕಿಡಿ, ಸದ್ದು, ವಾಸನೆ ಎಲ್ಲವೂ ಉಂಟು, ಮುನಿದರೆ ಮುಖದಲ್ಲೇ ಗೊತ್ತಾಗುತ್ತದೆ. ಬ್ರಷ್‌ಲೆಸ್ ನಿರ್ಗುಣ: ದೋಷವಿಲ್ಲ, ಸದ್ದಿಲ್ಲ, ಮುನಿದರೆ ಯಾವ ಕಡೆ ತಿರುಗಿ ಕೈಮುಗಿಯಬೇಕೋ ತಿಳಿಯದು. ನನ್ನಂಥ ಪುಕ್ಕಲನಿಗೆ ಸಗುಣವೇ ಸರಿ. ಆದರೆ ಸರೋಜ? ಭಾನುವಾರವೆಲ್ಲ ಗೋಡೆಯಾಚೆ ಆ ಗುರುಗುಟ್ಟುವಿಕೆ. ಕುಕ್ಕರ್ ಎಷ್ಟು ಸಲ ಕೂಗಿತೆಂದು ಅವಳಿಗೆ ಲೆಕ್ಕ ಸಿಗುವುದಿಲ್ಲ. ಅವಳಿಗಾಗಿಯಾದರೂ ಸದ್ದಿಲ್ಲದ್ದನ್ನೇ ತರೋಣವೆಂದರೆ ಬೋರ್ಡಿನ ಭಯ. ಊಟ ರುಚಿಸಲಿಲ್ಲ. ಚಿಂತೆ ಬಿಡಲೆಂದು ತಂದ ಯಂತ್ರಕ್ಕಾಗಿ ಎರಡು ಭಾನುವಾರ ಬರೀ ಚಿಂತೆಯಲ್ಲೇ ಕಳೆದವು.

ಕೊನೆಗೆ, ಸೊಪ್ಪು ಬಿಡಿಸುತ್ತಿದ್ದ ಅವಳ ಎದುರು ನನ್ನ ತ್ಯಾಗವನ್ನು ಸ್ವಲ್ಪ ದೊಡ್ಡದಾಗಿಯೇ ಹೇಳಿದೆ: ನಿನ್ನ ಕಿವಿಗೆ ವಿಶ್ರಾಂತಿ ಸಿಗಲಿ, ಬ್ರಷ್‌ಲೆಸ್ಸೇ ತರುತ್ತೇನೆ.

ಅವಳು ತಲೆ ಎತ್ತಲಿಲ್ಲ. "ಬೇಡ ಕಣ್ರೀ, ಸದ್ದು ಮಾಡೋದೇ ತನ್ನಿ. ಆವತ್ತು ನಿಮ್ಗೆ ತಲೆ ಸುತ್ತಿದಾಗ ಸದ್ದು ನಿಂತ್ಹೋಯ್ತು, ಆಮೇಲೆ ಬರ್ಲೇ ಇಲ್ಲ. ಅದಕ್ಕೇ ಓಡಿ ಬಂದಿದ್ದು. ಸದ್ದೇ ಇಲ್ದಿದ್ರೆ ನಂಗೆ ಹೆಂಗ್ರೀ ಗೊತ್ತಾಗ್ಬೇಕು?"

ಈ ಮನೆಯಲ್ಲಿ ಚಿಂತೆಯ ಗುತ್ತಿಗೆ ನನ್ನೊಬ್ಬನದೇ ಎಂದುಕೊಂಡಿದ್ದೆ. ಕುಕ್ಕರಿನ ಕೂಗಿನ ಲೆಕ್ಕ ತಪ್ಪಿದ್ದು ಲೇತಿನ ಗದ್ದಲಕ್ಕಲ್ಲ. ಅವಳ ಕಿವಿ ಇದ್ದದ್ದೇ ಬೇರೆ ಕಡೆ.

ಬ್ರಷ್ ಇರುವುದನ್ನೇ ತಂದೆ. ಈಗಲೂ ಉಳಿ ಮಸೆಯಲೆಂದು ನಡುವೆ ಲೇತು ನಿಲ್ಲಿಸಿದರೆ, ಗೋಡೆಯಾಚೆ ಪಾತ್ರೆ ತೊಳೆಯುವ ನಲ್ಲಿಯೂ ನಿಲ್ಲುತ್ತದೆ.

"ಇದ್ದೀನಿ ಕಣೇ," ಎನ್ನುತ್ತೇನೆ.

ನಲ್ಲಿ ಮತ್ತೆ ಸುರಿಯುತ್ತದೆ.