ನಡುಮನೆಯ ಮುಗ್ಗಲು ವಾಸನೆ

ಮುಧೋಳದ ನಮ್ಮ ಓಣಿಯಲ್ಲಿ ಜಂಪರ ಹೊಲಿಯುವವಳು ಅಂದರೆ ನಾನೇ. ಮಷೀನು ಇಟ್ಟುಕೊಂಡಿದ್ದು ನಡುಮನೆಯ ಕಿಟಕಿಯ ಪಕ್ಕ. ಹದಿನಾರು ವರ್ಷ ಅಲ್ಲಿಯೇ ಕೂತು ಹೊಲಿದಿದ್ದೇನೆ, ಒಬ್ಬರೂ ಬಟ್ಟೆ ವಾಪಸು ತಂದಿರಲಿಲ್ಲ. ಆ ಚಳಿಗಾಲದಲ್ಲಿ ಮೊದಲ ಸಲ ಬಂತು. ರಬಕವಿಗೆ ಕೊಟ್ಟ ಓಣಿಯ ಹೆಣ್ಣುಮಗಳು, ತವರಿಗೆ ಬಂದಾಗಲೆಲ್ಲ ನನ್ನ ಹತ್ತಿರವೇ ಹೊಲಿಸುತ್ತಿದ್ದವಳು, ಮೂರು ಜಂಪರಗಳ ಗಂಟನ್ನು ಕಟ್ಟೆಯ ಮೇಲಿಟ್ಟು ನೆಲ ನೋಡುತ್ತ ನಿಂತಳು.

“ಅಕ್ಕಾರ, ಅಳತಿ ಎಲ್ಲಾ ಬರೋಬ್ಬರಿ ಐತ್ರಿ. ಸಿಟ್ಟ ಮಾಡ್ಕೋಬ್ಯಾಡ್ರಿ, ಮುಗ್ಗ ನಾತ ಬಡಿಯಾಕತ್ತೈತಿ. ಎರಡ ಸಲ ಒಗದೆ, ಹೋಗವಲ್ದು.”

ನಾನು ಗಂಟು ಬಿಚ್ಚಿ ಮೂಗಿಗೆ ಹಿಡಿದೆ. ಖರೆ ಇತ್ತು. ಹಳೆಯ ಗೋಣಿಚೀಲ ನೆನೆದು, ಒಣಗದೆ ಮೂಲೆಯಲ್ಲಿ ಬಿದ್ದರೆ ಬರುತ್ತದಲ್ಲ, ಆ ವಾಸನೆ.

ಆ ವಾಸನೆ ನನಗೆ ಹೊಸದಾಗಿರಲಿಲ್ಲ. ಹಿಂದಿನ ಮಳೆಗಾಲ ಘಟಪ್ರಭಾ ಹೊಳೆ ಎಂದೂ ಬರದಿದ್ದ ನಮ್ಮ ಓಣಿಗೂ ಬಂದಿತ್ತು. ಎರಡು ದಿನ ಮನೆಯೊಳಗೆ ಮೊಣಕಾಲುದ್ದ ನೀರು. ಇಳಿದ ಮೇಲೆ ಕೆಸರು ಎತ್ತಿದೆವು, ತೊಳೆದೆವು, ಬ್ಲೀಚಿಂಗ್ ಪುಡಿ ಹೊಡೆದೆವು, ದೀಪಾವಳಿಗೆ ಸುಣ್ಣಬಣ್ಣವೂ ಆಯಿತು. ಇನ್ನೇನು ಎಲ್ಲ ಮುಗಿಯಿತು ಅನ್ನುವಷ್ಟರಲ್ಲಿ ನಡುಮನೆಯಲ್ಲಿ ವಾಸನೆ ಶುರುವಾಯಿತು. ಆದರೆ ಮನೆಯಲ್ಲಿ ಅದು ಬರುತ್ತಿದ್ದದ್ದು ನನ್ನೊಬ್ಬಳಿಗೆ.

ನನ್ನ ಗಂಡ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡುವವರು. ವರ್ಷಗಟ್ಟಲೆ ಕಾಕಂಬಿಯ ವಾಸನೆ ಕುಡಿದು ಅವರ ಮೂಗು ಯಾವಾಗಲೋ ಸತ್ತುಹೋಗಿದೆ. “ಏನೂ ಇಲ್ಲಲೇ, ನಿಂದೊಂದ ಮೂಗು” ಅಂದು ಹೊರಗೆ ಹೋಗಿಬಿಡುತ್ತಿದ್ದರು. ಅತ್ತೆಯನ್ನು ಕೇಳಿದರೆ, “ನನಗ ಏನೂ ಬರೂದಿಲ್ಲ ಬೇ, ವಯಸ್ಸಾತು” ಅನ್ನುತ್ತಿದ್ದರು. ನಲವತ್ತು ವರ್ಷ ನಡುಮನೆಯಲ್ಲೇ ಮಲಗಿದ ಆ ಮುದುಕಿ ಹೊಳೆ ಇಳಿದ ಮೇಲೆ ಹಾಸಿಗೆಯನ್ನು ಪಡಸಾಲೆಗೆ ಒಯ್ದಿದ್ದರು. ಯಾಕೆಂದರೆ ಗಾಳಿ ಬೇಕಂತೆ. ನಾನೂ ನಂಬಿದೆ.

ಜಂಪರ ವಾಪಸು ಬಂದ ದಿನದಿಂದ ನಾನು ಆ ವಾಸನೆಯ ಬೆನ್ನು ಹತ್ತಿದೆ. ಕೌದಿ, ಗಾದಿ, ತಲೆದಿಂಬು ಎಲ್ಲ ಮಾಳಿಗೆಯ ಮೇಲೆ ಬಿಸಿಲಿಗೆ. ಬಟ್ಟೆಯ ತಿಜೋರಿಯೊಳಗೆ ಬೇವಿನ ತಪ್ಪಲು, ಕರ್ಪೂರ. ಮೂಲೆಗಳಲ್ಲಿ ಬಟ್ಟಲು ತುಂಬ ಸುಣ್ಣ, ಇದ್ದಲು. ಗುರುವಾರಕ್ಕೊಮ್ಮೆ ಲೋಬಾನದ ಹೊಗೆ. ಒಂದು ವಾರ ಫಿನಾಯಿಲು, ಮುಂದಿನ ವಾರ ವಿನೆಗರ್. ಓಣಿಯ ಹೆಂಗಸರು ಬಂದು ಬಂದು ಒಂದೊಂದು ಉಪಾಯ ಹೇಳಿ ಚಹಾ ಕುಡಿದು ಹೋದರು. ಒಬ್ಬಾಕೆ ಗೋಡೆಗೆ ನಿಂಬೆಹಣ್ಣು ತಿಕ್ಕು ಅಂದಳು, ಅದನ್ನೂ ತಿಕ್ಕಿದೆ. ಗಂಡ ಜಮಖಂಡಿಯಿಂದ ಮಲ್ಲಿಗೆ ವಾಸನೆಯ ಸ್ಪ್ರೇ ತಂದು, ದೊಡ್ಡ ಉಪಕಾರ ಮಾಡಿದವರ ಹಾಗೆ ಮನೆ ತುಂಬ ಹೊಡೆದರು. ಅರ್ಧ ತಾಸಿನ ಮೇಲೆ ಮುಗ್ಗಲಿನ ಜೊತೆ ಮಲ್ಲಿಗೆಯೂ ಕೊಳೆತಂತಾಗಿ ನನಗೆ ತಲೆಶೂಲೆ ಹಿಡಿಯಿತು.

“ಇನ್ನೊಮ್ಮೆ ಆ ಡಬ್ಬಿ ಮುಟ್ಟಿದ್ರ ನಾ ತವರಮನಿಗೆ ಹೊಕ್ಕೇನಿ ನೋಡ್ರಿ” ಅಂದೆ.

“ತವರಮನ್ಯಾಗ ವಾಸನಿ ಇಲ್ಲೇನು?” ಅಂದರು. ಕೈಯಲ್ಲಿದ್ದ ಕತ್ತರಿಯನ್ನು ಟೇಬಲ್ಲಿನ ಮೇಲೆ ಕುಕ್ಕಿದೆ. ಅದಕ್ಕಿಂತ ಹೆಚ್ಚಿಗೆ ಏನು ಮಾಡಲಿಕ್ಕಾಗುತ್ತದೆ?

ಗಿರಾಕಿಗಳು ಕಡಿಮೆಯಾದರು. ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ, ಬಟ್ಟೆ ಇಸಿದುಕೊಳ್ಳುವಾಗ ಒಮ್ಮೆ ಮೆಲ್ಲಗೆ ಮೂಸುತ್ತಿದ್ದರು. ಅದನ್ನು ನೋಡಿದರೆ ನನ್ನ ಮೈಯೆಲ್ಲ ಉರಿಯುತ್ತಿತ್ತು. ಮಷೀನನ್ನು ಪಡಸಾಲೆಗೆ ಸಾಗಿಸಿದೆ. ಬೆಳಕು ಸಾಲದೆ ಎರಡು ಜಂಪರದ ತೋಳು ಅದಲುಬದಲಾದವು.

ಕೊನೆಗೆ ಶಿವರಾತ್ರಿ ಮುಗಿದ ಮರುದಿನ, ಗಂಡ ಕೆಲಸಕ್ಕೆ ಹೋದ ಮೇಲೆ, ನಡುಮನೆಯ ಸಾಮಾನೆಲ್ಲ ಹೊರಗೆ ಹಾಕಿಸಿದೆ. ಸೆರಗು ಸಿಕ್ಕಿಸಿಕೊಂಡು ನೆಲದ ಮೇಲೆ ಬೋರಲು ಬಿದ್ದು, ಪರಸಿ ಕಲ್ಲುಗಳ ಸಂದಿಗೆ ಮೂಗು ಹಚ್ಚಿ ಮೂಸುತ್ತ ಹೋದೆ. ತಿಜೋರಿ ಇದ್ದ ಮೂಲೆಗೆ ಬಂದಾಗ ವಾಸನೆ ಮೂಗಿಗೆ ಹೊಡೆಯಿತು. ಅಲ್ಲಿಯ ಸಂದಿ ಫೆಬ್ರುವರಿಯ ಬಿಸಿಲಿನಲ್ಲೂ ಹಸಿಯಾಗಿತ್ತು. ಲಟ್ಟಣಿಗೆಯಿಂದ ಬಡಿದೆ. ಬೇರೆ ಕಲ್ಲುಗಳೆಲ್ಲ ಟಕ್ ಅಂದರೆ ಇದು ಧಬ್ ಅಂತು.

ಗಾರೆ ಕೆಲಸದ ಗೌಂಡಿಯನ್ನು ಕರೆಸಿದೆ. ಅವನು ಎರಡು ಪರಸಿ ಎಬ್ಬಿಸಿ, ಕೆಳಗಿನ ಗರಸು ಮಣ್ಣು ಕೆದರಿ, ಒಂದು ದುಂಡನೆಯ ದೊಡ್ಡ ಕಲ್ಲು ಕಂಡಕೂಡಲೇ ನಕ್ಕ.

“ಅಕ್ಕಾರ, ಇದು ಹಗೇವ್ರಿ. ಹಿಂದಿನ ಮಂದಿ ಜ್ವಾಳ ತುಂಬಿಡತಿದ್ರಲ್ರಿ, ನೆಲದಾಗಿನ ಕಣಜ. ಬಾಯಿ ತಗದು ನಾನs ಇಳದು ನೋಡ್ತೇನಿ, ಒಂದ ಹಗ್ಗ ಕೊಡ್ರಿ.”

ನಾನು ಈ ಮನೆಗೆ ಬಂದು ಇಪ್ಪತ್ತೆರಡು ವರ್ಷ. ನನ್ನ ಕಾಲ ಕೆಳಗೆ ಹಗೇವು ಇದೆಯೆಂದು ಯಾರೂ ಹೇಳಿರಲಿಲ್ಲ. ಹಗ್ಗ ತರಲು ತಿರುಗಿದೆ. ಬಾಗಿಲಲ್ಲಿ ಅತ್ತೆ ನಿಂತಿದ್ದರು. ಕೋಲಿಲ್ಲದೆ ಹತ್ತು ಹೆಜ್ಜೆ ನಡೆಯಲಾರದವರು, ಗೋಡೆಯನ್ನೂ ಹಿಡಿಯದೆ ಬಂದು ಆ ಕಲ್ಲಿನ ಮೇಲೆ ಕೂತೇಬಿಟ್ಟರು.

“ಯಾರೂ ಇಳೀಬ್ಯಾಡ್ರಿ. ನನ್ನ ಹೆಣಾ ದಾಟಿ ಇಳೀರಿ ಬೇಕಾದ್ರ.”

“ಆಯಿ, ನಾ ಬಾವ್ಯಾಗ ಇಳಿಯಾಂವ್ರಿ, ಇದೇನ್ ಮಹಾ” ಅಂದ ಗೌಂಡಿ.

“ಅವನೂ ಹಿಂಗs ಅಂದಿದ್ದ.”

ಅವನು ಅಂದರೆ ನನ್ನ ಮಾವನ ತಮ್ಮ. ಅತ್ತೆ ಮದುವೆಯಾಗಿ ಬಂದ ಎರಡನೆಯ ವರ್ಷ, ಬಿಳಗಿಯಿಂದ ಬೀಗರು ಬಂದಿದ್ದರಂತೆ. ರೊಟ್ಟಿಗೆ ಜೋಳ ಸಾಲದೆ ಅತ್ತೆ ಮೈದುನನಿಗೆ ಹಗೇವಿನಿಂದ ಎರಡು ಬುಟ್ಟಿ ತೆಗೆದುಕೊಡು ಅಂದರು. ಬಾಯಿ ತೆಗೆದರೆ ಒಂದು ದಿನ ಬಿಟ್ಟು ಇಳಿಯಬೇಕು, ಒಳಗಿನ ಕೆಟ್ಟ ಗಾಳಿ ಹೋಗಬೇಕು ಎನ್ನುವುದು ಎಲ್ಲರಿಗೂ ಗೊತ್ತಿದ್ದದ್ದೇ. ಬೀಗರು ಕೂತಿದ್ದರು, ಅವಸರ. ಅವನು ಇಳಿದ. ಒಮ್ಮೆ “ವೈನಿ” ಎಂದು ಅತ್ತಿಗೆಯನ್ನು ಕೂಗಿದನಂತೆ, ಅಷ್ಟೇ. ಮೇಲೆತ್ತುವಷ್ಟರಲ್ಲಿ ಜೀವ ಹೋಗಿತ್ತು. ಮಾವ ಒಳಗಿನ ಜೋಳ ಹಾಗೆಯೇ ಬಿಟ್ಟು ಬಾಯಿ ಮುಚ್ಚಿ ಮೇಲೆ ಪರಸಿ ಹಾಕಿಸಿದರು. ಆ ಮೇಲೆ ಮನೆಯಲ್ಲಿ ಅದರ ಮಾತೇ ಇಲ್ಲ. ನನ್ನ ಗಂಡನಿಗೂ ಚಿಕ್ಕಪ್ಪ ಜ್ವರದಿಂದ ಸತ್ತರೆಂದೇ ಹೇಳಿದ್ದರು.

ಕೇಳುತ್ತ ನನಗೆ ಅತ್ತೆಯ ಮೇಲೆ ಮರುಕ ಬಂತು, ನಿಜ. ಆದರೆ ಅದರ ಹಿಂದೆಯೇ ಸಿಟ್ಟೂ ಬಂತು, ತಡೆಯಲಾಗಲಿಲ್ಲ.

“ಅತ್ತೀರಿ, ವಾಸನಿ ಇದರದ್ದು ಅಂತ ನಿಮಗ ಗೊತ್ತಿತ್ತೇನ್ರಿ?”

“ಬಂದ ದಿನಾನ ಗೊತ್ತಾತು. ಹಗೇವಿನ ಜ್ವಾಳದ ವಾಸನಿ ನಾ ಮರೀತೀನೇನು?”

“ಮತ್ತ ಹೇಳಾಕ ಏನಾಗಿತ್ರಿ? ಗ್ವಾಡಿಗೆ ನಿಂಬಿಹಣ್ಣ ತಿಕ್ಕೂದು ನೋಡಿಕೋತ ಕುಂತ್ರೆಲ್ಲ!”

“ಹೇಳಿದ್ರ ನೀವು ತಗೀತಿದ್ರಿ.”

ಗೌಂಡಿಯನ್ನು ಪಡಸಾಲೆಯಲ್ಲಿ ಕೂರಿಸಿದೆ.

ಗಂಡನನ್ನು ಕರೆಸಿದೆವು. ತಾಯಿಯ ಬಾಯಿಂದ ಅವರೂ ಎಲ್ಲ ಕೇಳಿದರು. ಆಮೇಲೆ ಯಾರೂ ಇಳಿಯುವುದಿಲ್ಲ ಎಂದು ಅತ್ತೆಯ ಕೈಮುಟ್ಟಿ ಮಾತು ಕೊಟ್ಟು, ಹಾರೆ ಹಾಕಿ ದೂರದಿಂದ ಕಲ್ಲು ಸರಿಸಿದರು. ಮೇಲೆದ್ದ ವಾಸನೆಗೆ ಕಾಕಂಬಿಯ ಮೂಗಿನವರೂ ಅಂಗಳಕ್ಕೆ ಓಡಿದರು. ಮೂರು ದಿನ ಬಾಯಿ ತೆರೆದಿಟ್ಟೆವು. ಆ ಮೇಲೆ ಗೌಂಡಿ ಮೇಣದಬತ್ತಿ ಹಚ್ಚಿ ಬಕೆಟ್ಟಿನಲ್ಲಿಟ್ಟು ಇಳಿಬಿಟ್ಟ. ಒಂದಾಳುದ್ದ ಇಳಿಯುವಷ್ಟರಲ್ಲಿ ಆರಿತು. ಇನ್ನೊಮ್ಮೆ ಬಿಟ್ಟ, ಮತ್ತೆ ಅಲ್ಲೇ ಆರಿತು. ಅವನ ನಗು ನಿಂತಿತು. ಹಗ್ಗ ಸುತ್ತಿಕೊಳ್ಳುತ್ತ ಅತ್ತೆ ಇದ್ದ ಕಡೆ ಬಂದು ಕಾಲು ಮುಟ್ಟಿ ಹೋದ.

ಒಬ್ಬರನ್ನೂ ಇಳಿಸದೆ, ಮೇಲಿನಿಂದಲೇ ಪಂಪು ಹಚ್ಚಿ ಹೊಳೆಯ ನೀರನ್ನೂ ಅದರಲ್ಲಿ ಕೊಳೆತು ಕಪ್ಪು ಗಂಜಿಯಾಗಿದ್ದ ಜೋಳವನ್ನೂ ಎತ್ತಿ ಹಾಕಿದೆವು. ಸುಣ್ಣ ಸುರಿದೆವು, ಗರಸು ತುಂಬಿದೆವು, ಮತ್ತೆ ಸುಣ್ಣ, ಮತ್ತೆ ಗರಸು. ಓಣಿಯವರೆಲ್ಲ ಮೂಗಿಗೆ ಸೆರಗು ಹಿಡಿದು ಬಂದು ನೋಡಿದರು. ಎರಡು ವಾರ ನಮ್ಮ ಮನೆಯಲ್ಲಿ ಅನ್ನ ಇಳಿಯಲಿಲ್ಲ. ವಾಸನೆ ಪೂರ್ತಿ ಹೋಗಲು ಬೇಸಿಗೆ ಮುಗಿಯಬೇಕಾಯಿತು.

ಅತ್ತೆ ಈಗ ಮೈದುನನ ಮಾತು ಆಡುತ್ತಾರೆ. ಅವನಿಗೆ ಹುರಿದ ಸೇಂಗಾ ಬಲು ಇಷ್ಟವಿತ್ತಂತೆ, ತಿಮ್ಮಾಪುರದ ಕಡೆಯ ಒಂದು ಬೇಟೆನಾಯಿ ಸಾಕಿದ್ದನಂತೆ, ಅದು ಅವನು ಸತ್ತ ಮೇಲೆ ಮನೆ ಬಿಟ್ಟು ಹೋಯಿತಂತೆ. ಒಮ್ಮೊಮ್ಮೆ ಇಡೀ ಮಧ್ಯಾಹ್ನ ಹೇಳುತ್ತಾರೆ. ನಾನು ಕೇಳುತ್ತೇನೆ. ಕೇಳುತ್ತಲೇ ಆ ನಾಲ್ಕು ತಿಂಗಳು ನೆನಪಾಗಿ ಒಳಗೊಳಗೇ ಕುದಿಯುತ್ತೇನೆ. ಇತ್ತ ಗರಸು ಇನ್ನೂ ಕೂತಿಲ್ಲ. ಪ್ರತಿ ಮಳೆಗಾಲ ಆ ಮೂಲೆಯ ನೆಲ ಎರಡು ಬೆರಳು ಕುಸಿಯುತ್ತದೆ, ಪರಸಿ ಎಬ್ಬಿಸಿ ಮತ್ತೆ ಕೂಡಿಸಬೇಕು. ಈ ವರ್ಷದ್ದು ಇನ್ನೂ ಆಗಿಲ್ಲ, ನಿನ್ನೆ ಅಲ್ಲಿಯೇ ಎಡವಿ ಹೆಬ್ಬೆರಳ ಉಗುರು ಕಿತ್ತುಕೊಂಡೆ.