ಮಧುಮತಿ ಬಿಚ್ಚಿದ ಬ್ಯಾಟರಿಗಳು

ಮಧುಮತಿ ಹನ್ನೊಂದು ವರ್ಷ ಬ್ಯಾಟರಿ ಸತ್ತಿದೆ ಎಂದು ಬರೆದುಕೊಡುವ ಕೆಲಸದಲ್ಲಿದ್ದಳು. ಜಯನಗರದಲ್ಲಿ ಡ್ರಿಲ್ಲು, ಗರಗಸ, ಸ್ಕ್ರೂ ಬಿಗಿಯುವ ಮೆಷಿನ್ನು ಮಾರುವ ಒಂದು ಅಂಗಡಿ, ಅದರ ಹಿಂಭಾಗದಲ್ಲಿ ಸರ್ವಿಸ್ ಕೌಂಟರು. ವೈರಿಲ್ಲದ ಮೆಷಿನ್ನಿನ ಬ್ಯಾಟರಿ ಕೈಕೊಟ್ಟರೆ ಬಡಗಿಗಳೂ ಪ್ಲಂಬರುಗಳೂ ಅದನ್ನು ತಂದು ಅವಳ ಮುಂದೆ ಇಡುತ್ತಿದ್ದರು. ಅವಳು ಚಾರ್ಜರಿಗೆ ಸಿಕ್ಕಿಸುವಳು. ಕೆಂಪು ದೀಪ ಮಿಟುಕಿದರೆ ಚೀಟಿ ಹರಿದು, ರಿಪೇರಿ ಆಗುವುದಿಲ್ಲ, ಹೊಸದು ಹಾಕಿಸಿ ಎಂದು ಇಂಗ್ಲಿಷಿನಲ್ಲಿ ಬರೆದು ಸೀಲು ಒತ್ತುವಳು. ಅವಳ ಅಕ್ಷರ ದುಂಡಗಿತ್ತು. ಅಂಗಡಿಯ ಮಾಲೀಕ ಶಶಿಧರ್ ಅವಳನ್ನು ಹೊಗಳಿದ್ದು ಅದೊಂದಕ್ಕೇ.

ಅವಳ ಊರು ಗದಗಿನ ಹತ್ತಿರದ ರೋಣ. ಮದುವೆಯಾದ ಮೇಲೆ ಗಂಡ ಬಸವಂತನ ಜೊತೆ ಬೆಂಗಳೂರಿಗೆ ಬಂದವಳು. ಬಸವಂತ ಒಂದು ಅಪಾರ್ಟ್‌ಮೆಂಟಿನಲ್ಲಿ ಪಂಪು, ಲಿಫ್ಟು ನೋಡಿಕೊಳ್ಳುತ್ತಿದ್ದ. ಮಾತು ಕಡಿಮೆಯ ಮನುಷ್ಯ. ಬಿಟಿಎಂ ಲೇಔಟಿನಲ್ಲಿ ಸೊಣ್ಣಮ್ಮ ಎಂಬ ಹಿರಿಯರ ಕಟ್ಟಡದ ಎರಡನೇ ಮಹಡಿಯಲ್ಲಿ ಅವರ ವಾಸ. ಆ ಕಟ್ಟಡ ನಿಂತ ಜಾಗದಲ್ಲಿ ತಾವು ರಾಗಿ ಹೊಲದ ಕಳೆ ಕಿತ್ತಿದ್ದಾಗಿ ಸೊಣ್ಣಮ್ಮ ಹೊಸ ಬಾಡಿಗೆದಾರರಿಗೆಲ್ಲ ಒಂದು ಸಲ ಹೇಳುತ್ತಿದ್ದರು. ಎರಡನೇ ಸಲ ಹೇಳುತ್ತಿರಲಿಲ್ಲ.

ಯಲ್ಲಪ್ಪ ಬಾದಾಮಿ ಕಡೆಯ ಬಡಗಿ. ಜೆ.ಪಿ. ನಗರದ ಫ್ಲ್ಯಾಟುಗಳಿಗೆ ವಾರ್ಡ್‌ರೋಬು ಕೂರಿಸುವವನು. ಒಂದೇ ವರ್ಷದಲ್ಲಿ ಮೂರನೇ ಬ್ಯಾಟರಿ ತಂದ ದಿನ ಅವನು ಚೀಟಿಗೆ ಕೈ ಚಾಚದೆ ಕೌಂಟರಿನ ಮೇಲೆ ಮೊಣಕೈ ಊರಿ ನಿಂತ.

“ಅಕ್ಕಾರ, ಇದರಾಗ ಸತ್ತಿದ್ದು ಯಾವುದ್ರಿ?”

“ಬ್ಯಾಟರಿ,” ಎಂದಳು ಮಧುಮತಿ.

“ಅದು ಗೊತ್ತಾತ್ರಿ. ಬ್ಯಾಟರಿಯೊಳಗ ಏನ್ ಸತ್ತೈತಿ?”

ಈ ಪ್ರಶ್ನೆಯನ್ನು ಹನ್ನೊಂದು ವರ್ಷದಲ್ಲಿ ಯಾರೂ ಕೇಳಿರಲಿಲ್ಲ, ಅವಳೂ ಸೇರಿದಂತೆ. ನೋಡಿ ಹೇಳುತ್ತೇನೆ ಎಂದಳು. ಯಲ್ಲಪ್ಪ ಸತ್ತ ಬ್ಯಾಟರಿಯನ್ನು ಅವಳ ಬಳಿಯೇ ಬಿಟ್ಟು, ಮುಂದಿನ ಕೌಂಟರಿನಲ್ಲಿ ಹೊಸದೊಂದನ್ನು ಕೊಂಡು ಹೋದ. ಸಂಜೆ ಅವಳು ಶಶಿಧರ್ ಅವರನ್ನು ಕೇಳಿದಳು. ಕಂಪನಿಯವರು ಬಿಚ್ಚಬಾರದು ಅಂದಿದ್ದಾರೆ, ಆದ್ದರಿಂದ ತಾವು ಬಿಚ್ಚಿಲ್ಲ ಎಂದರು ಅವರು. ಒಳಗೇನಿದೆ ಎಂಬುದು ಅವರಿಗೂ ಗೊತ್ತಿರಲಿಲ್ಲ. ಹೊಸದನ್ನು ಮಾರಲು ಅದು ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ.

ಭಾನುವಾರ ಅವಳು ಆ ಬ್ಯಾಟರಿಯನ್ನು ಅಡುಗೆಮನೆಯ ನೆಲದ ಮೇಲೆ ಪೇಪರು ಹಾಸಿ ಇಟ್ಟುಕೊಂಡಳು. ನಾಲ್ಕು ಸ್ಕ್ರೂ. ತಲೆಯ ಮೇಲೆ ನಕ್ಷತ್ರದ ಆಕಾರದ ಗುಳಿ, ನಕ್ಷತ್ರದ ನಡುವೆ ಒಂದು ಸಣ್ಣ ಮೊಳೆ. ಮಾಮೂಲಿ ಸ್ಕ್ರೂಡ್ರೈವರು ಒಳಗೆ ಹೋಗದಂತೆ ಯಾರೋ ಕೂತು ಯೋಚಿಸಿ ಮಾಡಿದ್ದರು. ಅದಕ್ಕೆ ಹೊಂದುವ ಸ್ಕ್ರೂಡ್ರೈವರಿನ ತುದಿಯನ್ನು ಅವಳು ತನ್ನ ಅಂಗಡಿಯಲ್ಲೇ ಕೊಂಡಿದ್ದಳು, ಬಿಲ್ಲು ಹಾಕಿಸಿಯೇ.

ಒಳಗೆ ಹೆಬ್ಬೆರಳಿಗಿಂತ ಕೊಂಚ ಉದ್ದದ ಹತ್ತು ಸೆಲ್ಲುಗಳಿದ್ದವು. ಎರಡೆರಡರಂತೆ ಐದು ಜೋಡಿ, ತೆಳ್ಳನೆಯ ನಿಕ್ಕಲ್ ಪಟ್ಟಿಯಿಂದ ಒಂದಕ್ಕೊಂದು ಬೆಸೆದಿದ್ದರು. ಬಸವಂತ ತನ್ನ ವೋಲ್ಟು ಅಳೆಯುವ ಮೀಟರು ತಂದು ಪಕ್ಕದಲ್ಲಿ ಕೂತ. ನಾಲ್ಕು ಜೋಡಿಗಳು ನಾಲ್ಕು ವೋಲ್ಟಿನ ಹತ್ತಿರ ತೋರಿಸಿದವು. ಐದನೆಯದು ಒಂದು ವೋಲ್ಟನ್ನೂ ಮುಟ್ಟಲಿಲ್ಲ. ಆ ಒಂದು ಜೋಡಿ ಕುಸಿದದ್ದನ್ನು ಕಂಡು ಚಾರ್ಜರು ಇಡೀ ಡಬ್ಬಿಯನ್ನೇ ಬೇಡವೆಂದಿತ್ತು. ಹತ್ತರಲ್ಲಿ ಎಂಟು ಸೆಲ್ಲು ಗಟ್ಟಿಮುಟ್ಟಾಗಿದ್ದವು. ದಿನಕ್ಕೆ ಮೂರು ಚೀಟಿ ಅಂದರೂ ಹನ್ನೊಂದು ವರ್ಷಕ್ಕೆ ಎಷ್ಟಾಯಿತು ಎಂದು ಅವಳ ಮನಸ್ಸು ಗುಣಿಸಲು ಹೊರಟಿತು. ಅವಳು ಎದ್ದು ಹೋಗಿ ರೊಟ್ಟಿಗೆ ಹಿಟ್ಟು ನಾದಿದಳು.

ಸತ್ತ ಜೋಡಿಯನ್ನು ತೆಗೆದು ಬೇರೆ ಹಾಕುವುದು ಅಷ್ಟು ಸಲೀಸಾಗಿರಲಿಲ್ಲ. ಮೊದಲು ಅವಳು ತರಿಸಿದ ಸೆಲ್ಲುಗಳ ಮೇಲೆ ಇಷ್ಟು ಕರೆಂಟು ಹಿಡಿಯುತ್ತದೆ ಎಂದು ದೊಡ್ಡ ದೊಡ್ಡ ಅಂಕಿ ಅಚ್ಚಾಗಿತ್ತು. ಡ್ರಿಲ್ಲು ಗೋಡೆಗೆ ಒಂದು ತೂತು ಹಾಕಿ ನಿಂತಿತು. ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟು ನೋಡಿದರೆ ಹಳೆಯ ಸೆಲ್ಲು ನಲವತ್ತೈದು ಗ್ರಾಂ, ಹೊಸದು ಇಪ್ಪತ್ತೊಂಬತ್ತು, ಒಳಗೆ ಮಾಲೇ ಕಡಿಮೆ. ಅಂದಿನಿಂದ ಅವಳು ಅಂಕಿ ಓದುವುದನ್ನು ಬಿಟ್ಟು ತೂಕ ಹಾಕತೊಡಗಿದಳು. ಆಮೇಲೆ ಹಳೇ ಲ್ಯಾಪ್‌ಟಾಪಿನ ಸೆಲ್ಲು ಹಾಕಿದಳು. ಪ್ಲೈವುಡ್ಡಿಗೆ ಸ್ಕ್ರೂ ಬಿಗಿಯಿತು, ಕಾಂಕ್ರೀಟು ಕಂಡ ಕೂಡಲೇ ಸುಸ್ತಾಯಿತು. ಒಂದೇ ಉಸಿರಿಗೆ ಹೆಚ್ಚು ಕರೆಂಟು ಕೊಡುವ ಸೆಲ್ಲೇ ಬೇರೆ, ನಿಧಾನಕ್ಕೆ ಕೊಡುವ ಸೆಲ್ಲೇ ಬೇರೆ ಎಂದು ತಿಳಿಯಲು ನಾಲ್ಕು ತಿಂಗಳು ಹಿಡಿಯಿತು. ಪಟ್ಟಿಯನ್ನು ಬೆಸುಗೆ ಕಡ್ಡಿಯಿಂದ ಕಾಯಿಸಿ ಅಂಟಿಸಿದರೆ ಸೆಲ್ಲಿನ ಆಯಸ್ಸು ಅಲ್ಲೇ ಮುಗಿಯುತ್ತದೆ ಎಂದು ತಿಳಿಯಲು ಇನ್ನೆರಡು. ಕಡೆಗೆ ಬಸವಂತ ಸೆಲ್ಲು ಕಾಯದಂತೆ ಒಂದೇ ಕ್ಷಣದಲ್ಲಿ ಪಟ್ಟಿ ಬೆಸೆಯುವ ಸಣ್ಣದೊಂದು ಸ್ಪಾಟ್ ವೆಲ್ಡಿಂಗ್ ಮೆಷಿನ್ನು ತಂದಿಟ್ಟ.

ರಿಪೇರಿಯಾದ ಬ್ಯಾಟರಿಯನ್ನು ವಾಪಸು ಕೊಡುವಾಗ ಮಧುಮತಿ ಯಲ್ಲಪ್ಪನಿಗೆ ಒಳಗಿನ ಸಂಗತಿಯನ್ನೆಲ್ಲ ಹೇಳಿದಳು. ಎರಡೇ ಸೆಲ್ಲು ಸತ್ತಿದ್ದವು ಎಂದಳು. ಇಷ್ಟು ವರ್ಷ ತಾನು ಒಳಗೆ ನೋಡದೆಯೇ ಬರೆದುಕೊಟ್ಟೆ, ಅವನಿಗೂ ಮೂರು ಸಲ ಹಾಗೇ ಬರೆದೆ ಎಂದೂ ಹೇಳಿದಳು. ಅದನ್ನು ಹೇಳಲು ಅವಳು ಎರಡು ದಿನದಿಂದ ತಯಾರಾಗುತ್ತಿದ್ದಳು.

“ಬರದ್ರಿ ಖರೆ, ನಾನೇನ್ ಓದಿಲ್ಲ ಬಿಡ್ರಿ,” ಎಂದ ಯಲ್ಲಪ್ಪ. “ಅದು ಇಂಗ್ಲಿಷಿನಾಗ ಇತ್ತು.”

ಮುಂದಿನ ವಾರ ಅವನು ತನ್ನ ಜೊತೆಯವರ ಏಳು ಬ್ಯಾಟರಿ ಚೀಲದಲ್ಲಿ ತುಂಬಿಕೊಂಡು ನೇರವಾಗಿ ಅವಳ ಮನೆಗೆ ಬಂದ. ಆ ತಿಂಗಳ ಕೊನೆಗೆ ಅವಳು ಕೆಲಸ ಬಿಡುತ್ತೇನೆ ಎಂದಳು. ಮುಂದೇನು ಮಾಡುತ್ತೀರಿ ಎಂದು ಶಶಿಧರ್ ಕೇಳಿದಾಗ, ಬ್ಯಾಟರಿ ಎಂದಳು. ಅವಳು ಬೇರೆ ಕಂಪನಿಯ ಡೀಲರ್‌ಶಿಪ್ಪು ಹಿಡಿಯುತ್ತಾಳೆ ಎಂದುಕೊಂಡು ಅವರು ಒಂದು ದಿನ ಬೇಜಾರಾಗಿದ್ದರು. ರಿಪೇರಿ ಎಂದು ಗೊತ್ತಾದ ಮೇಲೆ ನೆಮ್ಮದಿಯಾಗಿ ಗೋಡೆ ಗಡಿಯಾರ, ಸ್ವೀಟ್ ಬಾಕ್ಸು ಕೊಟ್ಟು, ಗೋದಾಮಿನಲ್ಲಿ ಕೂತಿದ್ದ ಸತ್ತ ಬ್ಯಾಟರಿಯ ಎರಡು ಡ್ರಮ್ಮನ್ನೂ ಒಯ್ಯಿರಿ, ಜಾಗ ಖಾಲಿಯಾಗುತ್ತದೆ ಎಂದರು.

ಸೊಣ್ಣಮ್ಮನ ಕಟ್ಟಡದ ಕೆಳಗೆ ಸೈಬರ್ ಸೆಂಟರು ಮುಚ್ಚಿದ ಮೇಲೆ ಒಂದು ಶಟರಿನ ಮಳಿಗೆ ಖಾಲಿ ಇತ್ತು. ಮಧುಮತಿ ಬ್ಯಾಟರಿ ರಿಪೇರಿಗೆಂದು ಅದನ್ನು ಕೇಳಲು ಹೋದಳು. ಸೊಣ್ಣಮ್ಮ ಅವರೆಕಾಳು ಸುಲಿಯುತ್ತಿದ್ದರು.

“ಏನವ್ವಾ, ಅದು ಸಿಡೀತದಾ?”

“ಸರಿಯಾಗಿ ಮಾಡಿದ್ರೆ ಇಲ್ಲಮ್ಮಾ.”

“ಸರಿಯಾಗಿ ಮಾಡ್ದೇ ಇದ್ರೆ?”

“ಸಿಡಿಯುತ್ತೆ.”

ಸೊಣ್ಣಮ್ಮ ಇನ್ನೂ ನಾಲ್ಕು ಕಾಯಿ ಸುಲಿದು ಒಪ್ಪಿದರು. ಶಟರಿನ ಹೊರಗೆ ಎರಡು ಬಕೆಟ್ಟು ಮರಳು ತಾವೇ ತುಂಬಿಸಿ ಇಡಿಸಿದರು. ದಿನಾ ಮಧ್ಯಾಹ್ನ ಊಟವಾದ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅಲ್ಲಿಯೇ ಕೂರತೊಡಗಿದರು. ಮಧುಮತಿಯ ಮೇಲಿನ ಪ್ರೀತಿಗೋ ಕಟ್ಟಡದ ಮೇಲಿನ ಪ್ರೀತಿಗೋ, ಅವರು ಹೇಳಲಿಲ್ಲ.

ಅಂಗಡಿ ತೆರೆದ ಎರಡನೇ ವರ್ಷ ಗೂಳಪ್ಪ ಎಂಬವರು ಬಂದರು. ಹುಳಿಮಾವಿನ ಹಳೇ ಮನೆತನ, ಈಗ ಮನೆ ಕಟ್ಟಿಸುವ ಕಂಟ್ರ್ಯಾಕ್ಟು, ಸೊಣ್ಣಮ್ಮನಿಗೆ ದೂರದ ನೆಂಟರು. ಅವರ ಬ್ಯಾಟರಿ ಸೈಟಿನ ಸಂಪಿನೊಳಗೆ ಬಿದ್ದು ಒಂದು ರಾತ್ರಿ ನೀರಲ್ಲಿತ್ತು. ಮಧುಮತಿ ಬಿಚ್ಚಿ ನೋಡಿದಳು. ಪಟ್ಟಿಗಳಿಗೆ ಹಸಿರು ಕಿಲುಬು ಹಿಡಿದಿತ್ತು, ಎರಡು ಸೆಲ್ಲು ತುಕ್ಕು ತಿಂದಿದ್ದವು. ಇದು ರಿಪೇರಿ ಆಗುವುದಿಲ್ಲ, ಚಾರ್ಜಿಗೆ ಹಾಕಲೂಬಾರದು ಎಂದಳು.

ಗೂಳಪ್ಪ ದನಿ ಏರಿಸಲಿಲ್ಲ. “ಮೇಡಂ, ಜಯನಗರದಲ್ಲಿ ಕೂತಿದ್ದಾಗ್ಲೂ ನೀವು ನಂಗೆ ಇದನ್ನೇ ಬರ್ಕೊಟ್ಟಿದ್ರಿ. ಇಲ್ಲಿಗ್ ಬಂದ್ಮೇಲೆ ಅಂಥವನ್ನೇ ರಿಪೇರಿ ಮಾಡ್ತಿದೀರ. ಅವತ್ತಿಂದು ಸುಳ್ಳು ಅಂದ್ಮೇಲೆ ಇವತ್ತಿಂದು ನಿಜ ಅಂತ ಹೆಂಗ್ ನಂಬ್ಲಿ?”

ಅವರು ಹೇಳಿದ್ದರಲ್ಲಿ ಅರ್ಧ ಸರಿಯಾಗಿಯೇ ಇತ್ತು. ಅವರು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಳ್ಳಲು ಹೋದಾಗ ಮಧುಮತಿ ಅದರ ಮೇಲೆ ಕೈಯಿಟ್ಟಳು. ತಾನು ತಯಾರು ಮಾಡಿಟ್ಟಿದ್ದ ಅದೇ ಅಳತೆಯ ಬ್ಯಾಟರಿಯೊಂದನ್ನು ಕಪಾಟಿನಿಂದ ತೆಗೆದು ಮುಂದಿಟ್ಟು, ಇದನ್ನು ಒಯ್ಯಿರಿ, ದುಡ್ಡು ಬೇಡ, ಅದನ್ನು ಮಾತ್ರ ಇಲ್ಲೇ ಬಿಡಿ ಎಂದಳು. ಗೂಳಪ್ಪ ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿದರು. ಇದರಲ್ಲಿ ಅವಳಿಗೆ ಏನೋ ಲಾಭವಿದೆ ಎಂದು ಅವರಿಗೆ ಖಾತ್ರಿಯಾಗಿತ್ತು, ಏನೆಂದು ಮಾತ್ರ ಹೊಳೆಯಲಿಲ್ಲ. ಒಯ್ದರು. ಹೋಗುವಾಗ ಸೊಣ್ಣಮ್ಮನಿಗೆ, ನಿಮ್ಮ ಬಾಡಿಗೆಯವಳು ಬುದ್ಧಿವಂತೆ ಎಂದು ಹೇಳಿ ಹೋದರು.

ನೀರು ಕುಡಿದ ಬ್ಯಾಟರಿಯನ್ನು ಅವಳು ಮರಳಿನ ಬಕೆಟ್ಟಿನಲ್ಲಿ ಹೂತಿಟ್ಟಳು. ಕೆಟ್ಟ ಎಲೆಕ್ಟ್ರಾನಿಕ್ ಸಾಮಾನು ಒಯ್ಯುವ ಇ-ವೇಸ್ಟಿನವರು ಬರುವುದು ಶನಿವಾರ. ಗುರುವಾರ ಮಧ್ಯಾಹ್ನ ಮೂರೂವರೆಗೆ ಬಕೆಟ್ಟು ಹಾವಿನಂತೆ ಬುಸುಗುಟ್ಟಿತು. ಬಿಳಿ ಹೊಗೆ ಎದ್ದಿತು, ಆಮೇಲೆ ಮರಳು ಸೀಳಿಕೊಂಡು ಮೊಳದುದ್ದ ಬೆಂಕಿ ಬಂತು. ಸೊಣ್ಣಮ್ಮ ಕುರ್ಚಿಯನ್ನು ನಾಲ್ಕಡಿ ಹಿಂದಕ್ಕೆ ಎಳೆದುಕೊಂಡು ಮತ್ತೆ ಕೂತರು. ಮಧುಮತಿ ಎರಡನೇ ಬಕೆಟ್ಟಿನ ಮರಳನ್ನೂ ಅದರ ಮೇಲೆ ಸುರಿದಳು. ಎಲ್ಲ ತಣ್ಣಗಾದ ಮೇಲೆ ಸೊಣ್ಣಮ್ಮ ಗೂಳಪ್ಪನಿಗೆ ಫೋನು ಮಾಡಿ, “ನಿನ್ ಬ್ಯಾಟ್ರಿ ಬಂದ್ ನೋಡ್ಕೊಂಡ್ ಹೋಗಪ್ಪಾ” ಎಂದಷ್ಟೇ ಹೇಳಿ ಇಟ್ಟರು.

ಗೂಳಪ್ಪ ಸಂಜೆಯೊಳಗೆ ಬಂದರು. ಬಕೆಟ್ಟಿನ ಒಂದು ಬದಿ ಕರಗಿ ಮಡಿಚಿಕೊಂಡಿತ್ತು. ಅದರ ಮುಂದೆ ಅವರು ಕುಕ್ಕರುಗಾಲಲ್ಲಿ ಕೂತರು.

“ಸೈಟಲ್ಲಿ ಪೇಂಟು, ಥಿನ್ನರ್ ಡಬ್ಬ ಇರೋ ರೂಮಲ್ಲೇ ಚಾರ್ಜಿಗ್ ಹಾಕೋದು,” ಎಂದರು. “ಹುಡುಗ್ರು ಅಲ್ಲೇ ಮಲಗ್ತಾರೆ.”

ಇಷ್ಟು ಹೇಳಿ ಎದ್ದರು. ಮಾರನೆಯ ದಿನ ಅವರ ಕಡೆಯಿಂದ ಎರಡು ಕಬ್ಬಿಣದ ಬಾಂಡ್ಲಿ, ಒಂದು ಮೂಟೆ ಮರಳು ಬಂದವು. ಕ್ಷಮಿಸಿ ಎಂಬ ಮಾತು ಬರಲಿಲ್ಲ. ಮಧುಮತಿಯೂ ಅದಕ್ಕೆ ಕಾಯಲಿಲ್ಲ.

ಆದರೆ ಗೂಳಪ್ಪ ಅವತ್ತು ಕೇಳಿದ ಪ್ರಶ್ನೆ ಅವಳನ್ನು ಬಿಡಲಿಲ್ಲ. ಅಂದಿನಿಂದ ಅವಳು ಯಾವ ಬ್ಯಾಟರಿಯನ್ನೂ ತಂದವರ ಕಣ್ಣೆದುರಲ್ಲದೆ ಬಿಚ್ಚುವುದಿಲ್ಲ. ಮೀಟರಿನ ಎರಡು ಕಡ್ಡಿಯನ್ನೂ ಅವರ ಕೈಗೇ ಕೊಟ್ಟು, ಇಲ್ಲಿ ಇಡಿ, ಓದಿ ಎನ್ನುತ್ತಾಳೆ. ಕೆಲವರು ಓದುತ್ತಾರೆ, ಕೆಲವರು ನಿಮಗೆ ಗೊತ್ತಲ್ಲ ಅಕ್ಕ ಎಂದು ಫೋನು ನೋಡುತ್ತಾರೆ. ಓದುವವರೆಗೂ ಅವಳು ಕೆಲಸ ಮುಟ್ಟುವುದಿಲ್ಲ. ಇದರಿಂದ ಒಂದು ಬ್ಯಾಟರಿಗೆ ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ. ಅಂಗಡಿ ದೊಡ್ಡದಾಗಿಲ್ಲ. ಮುಚ್ಚಿಯೂ ಇಲ್ಲ.

ಡ್ರಿಲ್ಲು ತಿರುಗಿಸುವ ಕಸುವು ಕಳೆದುಕೊಂಡರೂ ಪೂರ್ತಿ ಸಾಯದ ಸೆಲ್ಲುಗಳನ್ನು ಅವಳು ಎಸೆಯುವುದಿಲ್ಲ. ತಿಲಕ್ ನಗರದ ಹೂವಿನವರ ದೀಪ, ತರಕಾರಿ ಗಾಡಿಯ ಎಲೆಕ್ಟ್ರಾನಿಕ್ ತಕ್ಕಡಿ, ಇಂಥ ಸಣ್ಣ ಕೆಲಸಗಳಿಗೆ ಅವು ಸಾಕು. ಕಳೆದ ತಿಂಗಳು ಹುಳಿಮಾವು ಕೆರೆಯ ಹತ್ತಿರ ಮುಸುಕಿನ ಜೋಳ ಸುಡುವ ಮುರಿಗೆವ್ವ, ಬೀಸಣಿಗೆ ಬೀಸಿ ರಟ್ಟೆ ಬಿದ್ದುಹೋಗಿದೆ, ಕೆಂಡಕ್ಕೆ ಗಾಳಿ ಹಾಕುವ ಫ್ಯಾನಿಗೆ ಏನಾದರೂ ಮಾಡಿಕೊಡು ಎಂದು ಬಂದಿದ್ದರು. ಮಧುಮತಿ ನಾಲ್ಕು ಸೆಲ್ಲು ಜೋಡಿಸಿ ಒಂದು ಡಬ್ಬಿ ಮಾಡಿಕೊಟ್ಟಳು. ಭಾನುವಾರ ಬಸವಂತನ ಗಾಡಿಯಲ್ಲಿ ಆ ಕಡೆ ಹೋದಾಗ ನಿಂತು ನೋಡಿದಳು. ಫ್ಯಾನು ಭರ್ರನೆ ತಿರುಗುತ್ತಿತ್ತು, ಕಿಡಿ ರಸ್ತೆಯವರೆಗೂ ಹಾರುತ್ತಿತ್ತು. ಮುರಿಗೆವ್ವ ಎರಡು ಜೋಳಕ್ಕೆ ನಿಂಬೆ, ಉಪ್ಪು, ಖಾರ ಉಜ್ಜಿ ಕೊಟ್ಟರು. ಒಂದು ಕಡೆ ಕರಕಲಾಗಿತ್ತು.

“ಗಾಳಿ ಜಾಸ್ತಿ ಆಗೇತಿ,” ಎಂದಳು ಮಧುಮತಿ, ಕಪ್ಪಾದ ಕಾಳನ್ನು ಬಿಡಿಸಿ ಹಾಕುತ್ತ. “ನಾಳೆ ತರ್ರಿ, ಒಂದ್ ಸೆಲ್ ತೆಗೀತೀನಿ.”

ಬಸವಂತ ತನ್ನ ಜೋಳವನ್ನು ಕರಕಲಿನ ಸಮೇತ ತಿಂದು ಮುಗಿಸಿ, ಗಾಡಿ ಸ್ಟಾರ್ಟ್ ಮಾಡಿದ.