ಮನಿ ಸೋರಿದ್ರ ಏನ್ ಮಾಡ್ತಾರ?

ಇಂಗ್ಲೆಂಡಿಗೆ ಹೊರಡುವ ಮೊದಲು ಗುರುಲಿಂಗವ್ವ ಚಿಗವ್ವ ಫೋನಿನಲ್ಲಿ ನನ್ನನ್ನು ಕೇಳಿದ್ದು ಚಳಿಯ ಬಗ್ಗೆಯಲ್ಲ, ವಿಮಾನದ ಬಗ್ಗೆಯೂ ಅಲ್ಲ.

"ಅಲ್ಲಿ ವರ್ಷಪೂರ್ತಿ ಮಳಿ ಅಂತಾರಲ್ಲ ಮಹೇಶ್ವರಿ, ಮತ್ತ ಮನಿ ಸೋರಿದ್ರ ಏನ್ ಮಾಡ್ತಾರ?"

"ನಮ್ಮ ಮನಿ ಸೋರಂಗಿಲ್ಲ ಚಿಗವ್ವ."

"ನಿಮ್ಮದಲ್ಲ ಬಿಡವಾ. ಹಳೇ ಮನಿ ಇರ್ತಾವಲ್ಲ, ಅವು."

ನನಗೆ ಗೊತ್ತಿರಲಿಲ್ಲ. ಬಂದಾಗ ನೋಡೋಣ ಎಂದೆ. "ತೋರಸ್ಬೇಕ ಮತ್ತ, ಮರೀಬ್ಯಾಡ," ಎಂದು ಫೋನು ಇಟ್ಟಳು.

ಆಗ ನಾನು ಅಲ್ಲಿನ ಒಂದು ಮಣ್ಣು ಪರೀಕ್ಷಾಲಯದಲ್ಲಿ ಎರಡು ವರ್ಷದ ಕೆಲಸಕ್ಕೆ ಹೋಗಿದ್ದೆ. ಹೆರಿಗೆ ಹತ್ತಿರವಾಗಿತ್ತು. ನನ್ನವ್ವ ತೀರಿಕೊಂಡು ಬಹಳ ವರ್ಷವಾದ್ದರಿಂದ ಅವ್ವನ ತಂಗಿಯೇ ಬಾಣಂತನಕ್ಕೆ ಬರುವುದೆಂದಾಯಿತು. ಮಗಳು ತವರಿಗೆ ಬರುವ ಬದಲು ತವರೇ ಮಗಳ ಮನೆಗೆ ಹೊರಟಿದೆ ಎಂದು ಅವಳ ಗಂಡ ಕಾಶಪ್ಪ ಕಾಕಾ ಊರೆಲ್ಲ ಹೇಳಿಕೊಂಡು ತಿರುಗಿದ.

ಅವರ ಊರು ಹಿರೇಗುಡಿ. ಹುನಗುಂದದಿಂದ ಬಾದಾಮಿ ಕಡೆಗೆ ಹೋಗುವ ಬಸ್ಸಿನಲ್ಲಿ ಕೂತು, ದಾರಿ ಕವಲೊಡೆಯುವ ಫಾಟಾದಲ್ಲಿ ಇಳಿದು ಒಳಗೆ ನಡೆಯಬೇಕು. ಊರ ನಡುವೆ ಹಳೆಯ ಕಲ್ಲಿನ ಗುಡಿಗಳಿವೆ. ಚಿಗವ್ವನ ಮನೆಯ ಹಿಂದಿನ ಗೋಡೆಗೂ ಒಂದು ಗುಡಿಯ ಪೌಳಿಗೋಡೆಗೂ ನಡುವೆ ಇರುವುದು ಒಂದು ಎಮ್ಮೆ ನಿಲ್ಲುವಷ್ಟು ಜಾಗ. ಗುಡಿ ನೋಡಲು ಬಂದವರು ಅವಳ ಕಟ್ಟೆಯ ಮೇಲೆ ಕೂತು ಜೋಳದ ರೊಟ್ಟಿ, ಶೇಂಗಾ ಹಿಂಡಿಯ ಚಟ್ನಿಪುಡಿ, ಗಡಿಗೆಯ ಮೊಸರು ಉಂಡು ಹೋಗುತ್ತಾರೆ. ಕೆಲವರು ಉಣ್ಣದೆ ಬಾಗಿಲಲ್ಲಿ ಇಣುಕಿ ಅವಳ ಒಲೆಯ ಫೋಟೋ ಹೊಡೆದುಕೊಂಡು ಹೋಗುತ್ತಾರೆ. ಅವಳು ಎರಡನೆಯವರಿಗೂ ನೀರು ಕೊಡುತ್ತಾಳೆ. ಹೊಸ್ತಿಲಿಗೆ ಬಂದವರು ಬಾಯಾರಿ ಹೋಗಬಾರದು ಎಂಬುದು ಅವಳ ಅತ್ತೆಯ ಕಾಲದ ನಿಯಮ.

ಅದು ಮೇಲ್ಮುದ್ದೆಯ ಮನೆ. ಕಲ್ಲಿನ ಗೋಡೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಎಲ್ಲದರ ಮೇಲೆ ಮೊಳ ದಪ್ಪದ ಮಣ್ಣು. ಗುಡಿಯ ಅಷ್ಟು ಹತ್ತಿರ ಹೊಸದಾಗಿ ಏನೂ ಕಟ್ಟುವಂತಿಲ್ಲ, ಹಾಗಾಗಿ ಸ್ಲ್ಯಾಬ್ ಹಾಕುವ ಮಾತೇ ಇಲ್ಲ. ಆ ಮಣ್ಣಿನ ಮಾಳಿಗೆಯ ಮೇಲೆ ನೀಲಿ ಪ್ಲಾಸ್ಟಿಕ್ಕಿನ ತಾಡಪತ್ರಿ ಹೊದಿಸಿದ್ದರು. ಆದರೂ ಕೆಲವು ವರ್ಷಗಳಿಂದ ಸೋರುತ್ತಿತ್ತು. ಕಳೆದ ಮಳೆಗಾಲದಲ್ಲಿ ನೀರು ಒಲೆಗೇ ಬಿದ್ದು, ಮಧ್ಯಾಹ್ನ ಬಂದ ಒಂದು ಬಸ್ಸಿನ ಜನಕ್ಕೆ ರೊಟ್ಟಿ ಇಲ್ಲದಂತಾಯಿತು. ಅಂದು ಅವಳ ಮಗ ಶ್ರೀಶೈಲ ತೀರ್ಮಾನ ಹೇಳಿದ. ಅವನು ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಯಲ್ಲಿ ಕಲ್ಲಿಗೆ ಪಾಲಿಶ್ ಹಾಕುವವನು, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾನೆ.

"ಬರೋ ಮಳಿಗೂ ಸೋರಿದ್ರ ಹುನಗುಂದದಾಗ ಬಾಡಿಗಿ ಮನಿ. ಇನ್ನ ಮಾತಿಲ್ಲ ಅವ್ವಾ."

ಕಾಶಪ್ಪ ಕಾಕಾ ಮಗನ ಕಡೆ ಸೇರಿದ. ಚಿಗವ್ವ ಒಪ್ಪಲಿಲ್ಲ, ಜಗಳವನ್ನೂ ಆಡಲಿಲ್ಲ. ಹುನಗುಂದದ ಓಣಿಯಲ್ಲಿ ಮನೆಮನೆಯಲ್ಲೂ ರೊಟ್ಟಿ ಬಡಿಯುತ್ತಾರೆ. ಅಲ್ಲಿ ಅವಳ ರೊಟ್ಟಿ ಯಾರಿಗೂ ಬೇಕಿಲ್ಲ. ಮನೆ ಹೋದರೆ ಅವಳ ಕೈಯ ಕೆಲಸವೂ ಹೋದಂತೆಯೇ. "ಮಳಿ ಬರಲಿ, ನೋಡೂಣು," ಎಂದಷ್ಟೇ ಹೇಳಿ ಆ ಪ್ರಶ್ನೆಯನ್ನು ಗಂಟಿನಲ್ಲಿ ಕಟ್ಟಿಕೊಂಡು ವಿಮಾನ ಹತ್ತಿದಳು.

ಬಾಣಂತನ ಅಚ್ಚುಕಟ್ಟಾಗಿ ನಡೆಯಿತು. ಕೂಸಿನ ಎಣ್ಣೆ ನೀರು, ನನ್ನ ಅಂಟಿನ ಉಂಡಿ, ಯಾವುದೂ ಒಂದು ದಿನ ತಪ್ಪಲಿಲ್ಲ. ನಾನು ಹೊರಗೆ ತಿರುಗಾಡುವಂತಾದ ಮೇಲೆ ನನ್ನ ಗಂಡ ಅನಿಲಕುಮಾರ, "ಚಿಗವ್ವ, ಲಂಡನ್ ನೋಡೂಣೇನು? ರಾಣಿ ಅರಮನಿ?" ಎಂದು ಕೇಳಿದ.

"ಅರಮನಿ ಸೋರತೈತೇನಪಾ?"

"ಇಲ್ಲ."

"ಹಂಗಾರ ನನಗೆದಕ್ಕದು?"

ಮೇ ತಿಂಗಳ ಒಂದು ಭಾನುವಾರ ಅವಳನ್ನು ಹಳ್ಳಿಗಾಡಿನ ಒಂದು ಹಳೆಯ ಊರಿಗೆ ಕರೆದುಕೊಂಡು ಹೋದೆವು. ಅದಕ್ಕೆ ಉದ್ದನೆಯ ಹೆಸರಿದೆ. ಚಿಗವ್ವ ಮನೆಗಳನ್ನು ಕಂಡ ಕ್ಷಣವೇ ಅದನ್ನು ಹುಲ್ಲೂರು ಎಂದಳು. ಜೇನುಬಣ್ಣದ ಕಲ್ಲಿನ ಗೋಡೆಗಳ ಮೇಲೆ ದಪ್ಪನೆಯ ಹುಲ್ಲಿನ ಮಾಡುಗಳು, ಕಿಟಕಿಯ ಮೇಲೆ ಹುಬ್ಬಿನಂತೆ ಬಾಗಿದ್ದವು. ಬೀದಿಯ ಬದಿಗೆ ಒಂದು ತೊರೆ, ಅದಕ್ಕೊಂದು ಕಲ್ಲಿನ ಸೇತುವೆ. ಎರಡು ಬಸ್ಸುಗಳ ಪ್ರವಾಸಿಗಳು ಅದರ ಮೇಲೆ ನಿಂತು ಫೋಟೋ ತೆಗೆಯುತ್ತಿದ್ದರು.

ಒಂದು ಮನೆಯ ಗೇಟಿಗೆ ಫಲಕ ತೂಗುಹಾಕಿದ್ದರು. ಓದು ಎಂದಳು. ಓದಿದೆ: ಇದು ಜನ ವಾಸಿಸುವ ಮನೆ, ದಯವಿಟ್ಟು ಕಿಟಕಿಯಲ್ಲಿ ಇಣುಕಬೇಡಿ.

ಚಿಗವ್ವ ಸೆರಗು ಬಾಯಿಗಿಟ್ಟು ನಕ್ಕಳು. "ಪಾಪ, ಇವರೂ ನಮ್ಮಂಥವರ."

ನಾನು ಕೂಸಿನ ಟೋಪಿ ಸರಿಪಡಿಸಿ ತಿರುಗುವಷ್ಟರಲ್ಲಿ ಅವಳು ಇರಲಿಲ್ಲ. ಮುಂದಿನ ಮನೆಯ ಬಾಗಿಲು ತೆರೆದಿತ್ತು. ಹೊಸ್ತಿಲ ಹೊರಗೆ ಅವಳ ಚಪ್ಪಲಿಗಳು ಜೋಡಿಯಾಗಿ ಕೂತಿದ್ದವು.

ಒಳಗೆ ಓಡಿದೆ. ಕೈಯಲ್ಲಿ ಚಹಾದ ಕೆಟಲ್ ಹಿಡಿದ ಎಪ್ಪತ್ತರ ಸಮೀಪದ ಹೆಂಗಸೊಬ್ಬರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಚಿಗವ್ವ ಕೋಣೆಯ ನಡುವೆ, ಇಳಕಲ್ ಸೀರೆಯ ಸೆರಗು ತಲೆಯ ಮೇಲೆ ಹೊದ್ದು, ಕತ್ತು ಹಿಂದಕ್ಕೆ ಮಾಡಿ ಮಾಡಿನ ತೊಲೆಗಳನ್ನು ನೋಡುತ್ತಿದ್ದಳು.

ನಾನು ಕ್ಷಮೆ ಕೇಳತೊಡಗಿದೆ. ಆ ಹೆಂಗಸು, ಅವರ ಹೆಸರು ಡೋರೀನ್ ಎಂದು ಆಮೇಲೆ ತಿಳಿಯಿತು, ಕೆಟಲ್ ಕೆಳಗಿಟ್ಟು, ಕಳ್ಳರು ಚಪ್ಪಲಿ ಬಿಚ್ಚಿಟ್ಟು ಬರುವುದಿಲ್ಲ, ಪರವಾಗಿಲ್ಲ ಎಂದರು.

"ಏನಂದ್ಲು?"

"ನೀ ಕಳ್ಳಿ ಅಲ್ಲಂತ."

"ಬಾಗಲಾ ತೆರದಿತ್ತು, ಬಂದೆ. ನಮ್ಮ ಮನಿಗೆ ಇವರ ಮಂದಿ ಎಷ್ಟ ಸಲ ಬಂದಿಲ್ಲ? ಅದಿರಲಿ, ಕೇಳ ಅಕಿನ್ನ. ಮನಿ ಸೋರಿದ್ರ ಏನ್ ಮಾಡ್ತಾರ?"

ಕೇಳಿದೆ. ಡೋರೀನ್ ಒಂದು ಬೆರಳು ಮೇಲಕ್ಕೆ ತೋರಿಸಿ, ಬನ್ನಿ ಎಂದು ಹಿತ್ತಲಿಗೆ ಕರೆದುಕೊಂಡು ಹೋದರು.

ಹಿತ್ತಲಲ್ಲಿ ಮಾಡಿಗೆ ಏಣಿ ಒರಗಿಸಿತ್ತು. ಮೇಲೆ ಮೂವತ್ತರ ಆಸುಪಾಸಿನ ಹೆಣ್ಣುಮಗಳು ಮೊಣಕಾಲೂರಿ ಕೂತು ಗೋದಿ ಹುಲ್ಲಿನ ಸಿವುಡುಗಳನ್ನು ಒಂದರ ಮೇಲೊಂದು ಜೋಡಿಸಿ, ಮರದ ಹಲಗೆಯಿಂದ ಬಡಿದು ಕೂರಿಸುತ್ತಿದ್ದಳು. ಅವಳಿಗೆ ಚಹಾ ಕೊಡಲೆಂದೇ ಡೋರೀನ್ ಬಾಗಿಲು ತೆರೆದಿಟ್ಟು ಒಳಗೂ ಹೊರಗೂ ಓಡಾಡುತ್ತಿದ್ದದ್ದು.

"ಯವ್ವಾ, ಹೆಣ್ಮಗಳು ಮಾಳಿಗಿ ಹತ್ಯಾಳ!" ಎಂದಳು ಚಿಗವ್ವ. ಮರುಕ್ಷಣ, ತನಗೇ ಹೇಳಿಕೊಳ್ಳುವಂತೆ, "ನಮ್ಮತ್ತಿನೂ ಹತ್ತತಿದ್ರು," ಎಂದಳು.

ಆ ಹುಡುಗಿ ಕೆಳಗಿಳಿದು ಚಹಾ ಕುಡಿಯುತ್ತ ವಿವರಿಸಿದಳು. ಹಳೆಯ ಹುಲ್ಲನ್ನು ಪೂರ್ತಿ ಕಿತ್ತುಹಾಕುವುದಿಲ್ಲ. ಕೊಳೆತದ್ದನ್ನಷ್ಟೇ ತೆಗೆದು ಅದರ ಮೇಲೆ ಹೊಸದು ಕೂರಿಸುತ್ತಾರೆ. ಕೆಳಗಿನ ಪದರ ಯಾರ ಕಾಲದ್ದೋ ಅವಳಿಗೂ ಗೊತ್ತಿಲ್ಲ. ಈಗಿನ ಗೋದಿ ಗಿಡ್ಡ, ಅದರ ಹುಲ್ಲು ಸಾಲದು. ಅದಕ್ಕಾಗಿ ಎತ್ತರದ ಹಳೆಯ ತಳಿಯನ್ನೇ ಬೆಳೆಯುವ ರೈತನೊಬ್ಬನನ್ನು ಹಿಡಿದಿದ್ದಾಳೆ. ಡೋರೀನ್ ನಡುವೆ ಬಾಯಿ ಹಾಕಿದರು: ಈ ಮನೆಗೆ ಬೇರೆ ಮಾಡು ಹಾಕಲು ಅನುಮತಿ ಇಲ್ಲ, ತಮಗೂ ಇದು ದೊಡ್ಡ ರಗಳೆಯೇ. ಆದರೆ ಸೋರಿದ ಮೇಲೆ ಏನು ಮಾಡುತ್ತೀರಿ ಎಂದು ಕೇಳಿದರೆ ತಮ್ಮಲ್ಲಿ ಉತ್ತರವಿಲ್ಲ. ಸೋರುವ ಮೊದಲೇ ಆಳನ್ನು ಮೇಲೆ ಹತ್ತಿಸಬೇಕು, ಅಷ್ಟೇ.

ಚಿಗವ್ವ ಒಂದು ಸಿವುಡನ್ನು ಎತ್ತಿ ತಿರುಗಿಸಿ ನೋಡಿದಳು. ಆಮೇಲೆ ಕೇಳಿದಳು, "ಇದರ ಮ್ಯಾಲ ತಾಡಪತ್ರಿ ಹೊದಸಂಗಿಲ್ಲೇನು?"

ಹುಡುಗಿ ತಲೆ ಅಲ್ಲಾಡಿಸಿದಳು. ಮುಚ್ಚಿಬಿಟ್ಟರೆ ಒಳಗೆ ಏನಾಗುತ್ತಿದೆ ಎಂದು ಯಾರಿಗೂ ಕಾಣುವುದಿಲ್ಲ. ಕಾಣದಿದ್ದರೆ ಯಾರೂ ಹತ್ತುವುದಿಲ್ಲ ಎಂದಳು.

ಚಿಗವ್ವ ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟಳು.

"ನಮ್ಮತ್ತಿ ಇರೂತನಕ ವರ್ಷಾ ಜೂನಿನ ಮಿರಗದ ಮಳಿಗಿಂತ ಮುಂಚೆ ಮಾಳಿಗಿಗೆ ಸವಳ ಮಣ್ಣ ಹಾಕತಿದ್ವಿ ಮಹೇಶ್ವರಿ. ನಾ ಕೆಳಗಿಂದ ಪುಟ್ಟಿ ಕೊಡಾಕಿ, ಅವರು ಮ್ಯಾಲ ಹರವಾಕಿ. ತಾಡಪತ್ರಿ ಬಂತು. ಇನ್ನ ಮಣ್ಣ ಯಾಕಂತ ಬಿಟ್ವಿ. ಸೋರಾಕ ಹತ್ತಿದ್ದು ಅವಾಗಿಂದ."

ದಾರಿಗೆಂದು ತಂದಿದ್ದ ಗಂಟು ಬಿಚ್ಚಿ ಕಡಕ ರೊಟ್ಟಿ, ಶೇಂಗಾ ಹಿಂಡಿ ತೆಗೆದು ಇಬ್ಬರಿಗೂ ಕೊಟ್ಟಳು. ಮಾಡಿನ ಹುಡುಗಿ ರೊಟ್ಟಿಯನ್ನು ಬಿಸ್ಕತ್ತಿನಂತೆ ಮುರಿದು, ಹಿಂಡಿಯಲ್ಲಿ ಧಾರಾಳವಾಗಿ ಅದ್ದಿ ಬಾಯಿಗಿಟ್ಟು ಕಣ್ಣಲ್ಲಿ ನೀರು ತುಂಬಿಕೊಂಡಳು. ಚಿಗವ್ವ ಅವಳ ಬೆನ್ನು ತಟ್ಟಿ, "ಮಾಳಿಗಿ ಹತ್ತಾಕಿ, ಖಾರಕ್ಕ ಅಂಜತಿಯಲ್ಲ," ಎಂದಳು. ಇದನ್ನು ನಾನು ಅನುವಾದಿಸಲಿಲ್ಲ.

ಹೊರಗೆ ಬಂದ ಮೇಲೆ ಅನಿಲಕುಮಾರ, ಹಳೆಯ ಚರ್ಚು, ನೀರಿನ ಗಿರಣಿ ನೋಡೋದಿದೆ ಎಂದ.

"ನಾ ನೋಡೂದು ನೋಡಿದ್ದಾತು. ಮಿರಗದ ಮಳಿ ಕೂಡಾಕ ಬಂತು. ಊರಿಗೆ ನಡೀರಿ," ಎಂದಳು.

ನನ್ನ ಕೆಲಸದ ಅವಧಿಯೂ ಮುಗಿದಿತ್ತು. ಮೇ ಕೊನೆಗೆ ಎಲ್ಲರೂ ಒಟ್ಟಿಗೆ ಬಂದಿಳಿದೆವು. ನಾವು ಬಾಗಲಕೋಟೆಯಲ್ಲಿ ಮನೆ ಹುಡುಕುವ ಮೊದಲು ಒಂದಷ್ಟು ದಿನ ಹಿರೇಗುಡಿಯಲ್ಲೇ ಉಳಿದೆವು. ಚಿಗವ್ವ ಕೈಕಾಲು ತೊಳೆದು ಹೇಳಿದ ಮೊದಲ ಮಾತು: "ತಾಡಪತ್ರಿ ತೆಗೀರಿ."

ಕಾಶಪ್ಪ ಕಾಕಾ ಹೌಹಾರಿದ. "ಇಂಗ್ಲೆಂಡಿಗೆ ಹೋಗಿ ಮಣ್ಣ ಹೊರೂದು ಕಲ್ತ ಬಂದಿಯೇನ? ಮಂದಿ ಸೆಂಟ್ ತರ್ತಾರ, ಚಾಕಲೇಟ್ ತರ್ತಾರ."

"ಚಾಕಲೇಟ್ ಚೀಲದಾಗ ಅದಾವ, ತಿನ್ರಿ. ತಿಂದ ಏಣಿ ತರ್ರಿ."

ಮೊದಲು ಅನುಮತಿ. ಕೇಳಿದರೆ ಬೇಡವೆನ್ನುತ್ತಾರೆ ಎಂದು ಅಷ್ಟು ವರ್ಷ ಯಾರೂ ಬಾದಾಮಿಯ ಪುರಾತತ್ವ ಇಲಾಖೆಯ ಕಚೇರಿಗೆ ಹೋಗಿಯೇ ಇರಲಿಲ್ಲ. ಚಿಗವ್ವ ಬಸ್ಸು ಹತ್ತಿ ಹೋದಳು. ಅಧಿಕಾರಿ ರಜೆಯಲ್ಲಿದ್ದರು. ಮರುದಿನ ಮತ್ತೆ ಹೋದಳು. ಪ್ರಿಯದರ್ಶಿನಿ ಎಂಬ ಆ ಅಧಿಕಾರಿ ತಾಳ್ಮೆಯಿಂದ ಕೇಳಿಸಿಕೊಂಡು, ಸ್ವತಃ ಬಂದು ಮಾಳಿಗೆ ನೋಡಿ, ಇದ್ದದ್ದನ್ನು ಇದ್ದ ಹಾಗೆಯೇ, ಅದೇ ಮಣ್ಣಿನಿಂದ ದುರಸ್ತಿ ಮಾಡಿಕೊಳ್ಳಲು ಬರೆದುಕೊಟ್ಟರು. ಹೋಗುವಾಗ ಕಟ್ಟೆಯ ಮೇಲೆ ಕೂತು ರೊಟ್ಟಿಯನ್ನೂ ಉಂಡರು.

ತಾಡಪತ್ರಿ ತೆಗೆದಾಗ ಕೆಳಗಿನ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಒಂದು ಮೂಲೆಯಲ್ಲಿ ಇಲಿಯ ಬಿಲ. ನೀರು ಹೊರಬೀಳುವ ಕಲ್ಲಿನ ದೋಣಿಯ ಬಾಯಿ ಕಸದಿಂದ ಮುಚ್ಚಿಹೋಗಿ ಮಳೆಯೆಲ್ಲ ಒಳಕ್ಕೆ ತಿರುಗಿತ್ತು.

ಆಮೇಲೆ ಮಣ್ಣು. ಶ್ರೀಶೈಲ ಟ್ರ್ಯಾಕ್ಟರಿನಲ್ಲಿ ಹತ್ತಿರದ ಗುಡ್ಡದ ಕೆಂಪು ಮಣ್ಣು ತಂದು ಸುರಿಸಿದ. ಚಿಗವ್ವ ಗುಡ್ಡೆಯ ಮೇಲೆ ಕೈಯಿಂದ ಕುಳಿ ಮಾಡಿ ಒಂದು ತಂಬಿಗೆ ನೀರು ಹೊಯ್ದು ರೊಟ್ಟಿ ಬಡಿಯಲು ಹೋದಳು. ಮರಳಿ ಬಂದಾಗ ಕುಳಿ ಒಣಗಿತ್ತು. "ಇದು ನೀರ ಕುಡಿಯೂ ಮಣ್ಣು. ಒಯ್ಯಿ," ಎಂದಳು.

"ಅವ್ವಾ, ಮಣ್ಣು ಮಣ್ಣ ಅಲ್ಲೇನ?"

"ನಿನ್ನ ಕಾರ್ಖಾನ್ಯಾಗ ಕಲ್ಲು ಕಲ್ಲ ಅಂತಾರೇನಲೇ?"

ಅವನು ಮಣ್ಣನ್ನು ಮತ್ತೆ ಟ್ರ್ಯಾಕ್ಟರಿಗೆ ತುಂಬಿಸಿದ. ಮರುದಿನ ಕಲಾದಗಿಯ ಕಡೆಯ ಸವಳು ಹೊಲದಿಂದ ಬಿಳಿಚು ಮಣ್ಣು ಬಂತು. ಕುಳಿಯಲ್ಲಿ ಹೊಯ್ದ ನೀರು ರೊಟ್ಟಿಯ ಬುಟ್ಟಿ ತುಂಬುವವರೆಗೂ ನಿಂತೇ ಇತ್ತು. ನಾನು ಒಂದು ಹಿಡಿಯನ್ನು ಬಾಟಲಿಯಲ್ಲಿ ನೀರಿಗೆ ಹಾಕಿ ಕುಲುಕಿ ಇಟ್ಟೆ. ಸಂಜೆಯಾದರೂ ನೀರು ತಿಳಿಯಾಗಲಿಲ್ಲ. ಸೋಡಿಯಂ ಹೆಚ್ಚಿರುವ ಜೇಡಿಮಣ್ಣಿನ ಗುಣವದು. ಒದ್ದೆಯಾದಾಗ ಕಣಗಳು ಬಿಡಿಬಿಡಿಯಾಗಿ ಹರಡಿ ತಮ್ಮ ನಡುವಿನ ಸಂದುಗಳನ್ನು ತಾವೇ ಮುಚ್ಚಿಕೊಳ್ಳುತ್ತವೆ. ಬೆಳೆಗೆ ಕೆಟ್ಟದ್ದು, ಮಾಳಿಗೆಗೆ ಒಳ್ಳೆಯದು. ಚಿಗವ್ವನಿಗೆ ಹೇಳಿದೆ. "ಹೌದಾ? ನಿನ್ನ ಬಾಟಲಿನೂ ಖರೇ ಹೇಳತೈತಿ," ಎಂದು ಮೆಚ್ಚಿಕೊಂಡಳು.

ಅವಳು ಸೀರೆಯ ಕಚ್ಚೆ ಬಿಗಿದು ಏಣಿ ಹತ್ತಿದಳು. ಈ ಸಲ ಕೆಳಗಿನಿಂದ ಪುಟ್ಟಿ ಕೊಟ್ಟದ್ದು ಕಾಶಪ್ಪ ಕಾಕಾ, ಪ್ರತಿ ಪುಟ್ಟಿಗೂ ಒಂದು ಗೊಣಗಾಟದ ಜೊತೆಗೆ. ಚಿಗವ್ವ ಬಿಲ ಮುಚ್ಚಿ, ಬಿರುಕಿಗೆ ಕಲಸಿದ ಮಣ್ಣು ತುಂಬಿ, ದೋಣಿಯ ಕಡೆಗೆ ಇಳಿಜಾರು ಬರುವಂತೆ ಹರವಿ, ನೀರು ಚಿಮುಕಿಸಿ ಹಲಗೆಯಿಂದ ಬಡಿದಳು. ಆ ಹಲಗೆ ಹಿಡಿಯುವ ರೀತಿಯನ್ನು ನಾನು ಹುಲ್ಲೂರಿನಲ್ಲಿ ನೋಡಿದ್ದೆ. ಶ್ರೀಶೈಲ ಮಾತ್ರ ಮೇಲೆ ಹತ್ತಲಿಲ್ಲ. ಹುನಗುಂದದಲ್ಲಿ ಒಂದು ಮನೆ ನೋಡಿ ಬಂದಿದ್ದೇನೆ, ಮಳೆಯವರೆಗೆ ಕಾದಿರಲು ಮಾಲೀಕನಿಗೆ ಹೇಳಿದ್ದೇನೆ ಎಂದ.

ಮಳೆ ಒಂದು ರವಿವಾರ ಮಧ್ಯಾಹ್ನ ಬಂತು. ಮೊದಲು ಗಾಳಿ, ಆಮೇಲೆ ಧೂಳಿನ ವಾಸನೆ, ಆಮೇಲೆ ಕಿವಿ ಮುಚ್ಚುವಂತೆ ಮಳೆ. ನಾವೆಲ್ಲ ಒಳಗೆ ಕೂತು ಮೇಲೆ ನೋಡುತ್ತಿದ್ದೆವು. ಕಾಶಪ್ಪ ಕಾಕಾ ರೂಢಿಯಂತೆ ಪಾತ್ರೆಗಳನ್ನು ಜೋಡಿಸಿ ಇಡಹೋದ.

"ಇಡಬ್ಯಾಡ್ರಿ," ಎಂದಳು ಚಿಗವ್ವ. ಒಲೆ ಹೊತ್ತಿಸಿ ಹಂಚು ಇಟ್ಟಳು.

ಹಿತ್ತಲಲ್ಲಿ ಕಲ್ಲಿನ ದೋಣಿಯಿಂದ ನೀರು ಧೋ ಎಂದು ಬೀಳುವ ಸದ್ದು ಕೇಳಿತು. ಎಷ್ಟೋ ವರ್ಷದ ಮೇಲೆ ಕೇಳಿದ ಸದ್ದು ಎಂದ ಕಾಕಾ. ಒಲೆಯ ಮೇಲಿನ ಜಂತಿ ಒಣಗಿಯೇ ಇತ್ತು. ಪಡಸಾಲೆ ಒಣಗಿತ್ತು. ಶ್ರೀಶೈಲ ಎದ್ದು ಕೋಣೆಯಿಂದ ಕೋಣೆಗೆ ನಡೆದ. ದೇವರ ಕೋಣೆಯ ಮೂಲೆಯಲ್ಲಿ ನಿಂತ. ಅಲ್ಲಿ, ಇಲಿಯ ಬಿಲವಿದ್ದ ಜಾಗದ ಕೆಳಗೆ, ಒಂದು ಹನಿ ಮೂಡಿ, ಜೋತು, ಅವನ ಕಾಲ ಬಳಿ ಬಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು.

"ಅವ್ವಾ, ಸೋರತೈತಿ."

ಚಿಗವ್ವ ಬಂದು ನೋಡಿದಳು. ಹನಿ ಬಿದ್ದ ಜಾಗವನ್ನು ಕಾಲಿನಿಂದ ಒರೆಸಿದಳು.

"ಬಿಲ ಆಳ ಇತ್ತು. ಮಣ್ಣ ಕುಂತೈತಿ. ಇನ್ನೊಂದೀಟು ಬೇಕು," ಎಂದು ಸೆರಗು ಸೊಂಟಕ್ಕೆ ಸಿಗಿಸಿ, ಪುಟ್ಟಿ ಎತ್ತಿಕೊಂಡು ಕಟ್ಟೆಯ ಮೂಲೆಯಲ್ಲಿ ಮುಚ್ಚಿಟ್ಟ ಮಣ್ಣಿನ ಕಡೆಗೆ ಹೊರಟಳು.

ಶ್ರೀಶೈಲ ಅವಳ ತೋಳು ಹಿಡಿದ. "ಎಲ್ಲಿಗೆ? ಜಾರತೈತಿ ಮ್ಯಾಲ."

"ಪೂರಾ ಸೋರೂತನಕ ಕುಂದರ್ಲೇನು?"

ಅವನು ಅಂಗಿ ಬಿಚ್ಚಿ ಗೂಟಕ್ಕೆ ಎಸೆದು, ಅವಳ ಕೈಯ ಪುಟ್ಟಿ ಕಿತ್ತುಕೊಂಡು ಮಣ್ಣು ತುಂಬಿ ಮಳೆಯಲ್ಲಿ ಏಣಿ ಹತ್ತಿದ. ನಮ್ಮ ತಲೆಯ ಮೇಲೆ ಅವನ ಹೆಜ್ಜೆಯ ಸದ್ದು, ಆಮೇಲೆ ಹಲಗೆ ಬಡಿಯುವ ಸದ್ದು. ಹನಿ ನಿಧಾನವಾಯಿತು.

"ಬಾಡಿಗಿ ಮನ್ಯಾಂವಗ ಏನ್ ಹೇಳೂದಲೇ?" ಎಂದು ಕಾಶಪ್ಪ ಕಾಕಾ ಹಿತ್ತಲಿನಿಂದ ಕೂಗಿದ.

ಮಳೆಯ ನಡುವೆ ಮೇಲಿಂದ ಉತ್ತರ ಬಂತು.

"ಆಮ್ಯಾಲ ಹೇಳೂಣು. ಅವ್ವಾ, ಇನ್ನೊಂದ ಪುಟ್ಟಿ ಕೊಡ!"

ಚಿಗವ್ವ ಆಗಲೇ ಪುಟ್ಟಿ ತುಂಬಿ ಏಣಿಯ ಕೆಳಗೆ ನಿಂತಿದ್ದಳು.